ಒಂಬತ್ತು ಸಲ ‘ಬೇಡ’ ಎಂದವರು: ಸಂಸದರ ಮತದ ಲೆಕ್ಕ ಓದುವ ಬಗೆ

ಪ್ರಶ್ನೆ: ಸರ್, ನಾನು ದಾವಣಗೆರೆಯವಳು. ಹದಿನಾರು ವರ್ಷದಿಂದ ಮಿಷಿಗನ್‌ನಲ್ಲಿದ್ದೇವೆ. ಕಳೆದ ವರ್ಷ ಪೌರತ್ವ ಸಿಕ್ಕಿತು, ಇದು ನನ್ನ ಮೊದಲ ಮತ. ಅಂಚೆ ಡಬ್ಬಿ ತೆಗೆದರೆ ದಿನಾ ಎರಡು ಮೂರು ದಪ್ಪ ಕಾಗದದ ಕರಪತ್ರ. ಒಂದರಲ್ಲಿ ನಮ್ಮ ಸಂಸದರ ಕಪ್ಪು-ಬಿಳುಪು ಫೋಟೊ ಹಾಕಿ ‘ದೇಶದ ಭದ್ರತೆಯ ವಿರುದ್ಧ 9 ಸಲ ಮತ, 31 ಮತದಾನಕ್ಕೆ ಗೈರು’ ಎಂದು ಕೆಂಪಕ್ಷರದಲ್ಲಿ ಬರೆದಿದ್ದಾರೆ. ಮರುದಿನದ್ದರಲ್ಲಿ ಅದೇ ಮನುಷ್ಯ ಬಣ್ಣದ ಫೋಟೊದಲ್ಲಿ ನಗುತ್ತಿದ್ದಾರೆ, ‘ಗಡಿ ಕಾವಲಿಗೆ ಹಣ ಕೊಡಿಸಿದವರು’ ಅಂತ. ಒಂದು ಸಂಘಟನೆ ಅವರಿಗೆ ಎಫ್ ಗ್ರೇಡ್ ಕೊಟ್ಟಿದೆ, ಇನ್ನೊಂದು ನೂರಕ್ಕೆ 92. ಕನ್ನಡ ಕೂಟದ ವಾಟ್ಸಾಪ್ ಗುಂಪಿನಲ್ಲೂ ಇದೇ ಜಗಳ. ನಮ್ಮ ಯಜಮಾನರು ‘ಎಲ್ಲ ಸುಳ್ಳು, ಸುಮ್ಮನೆ ಪಕ್ಷ ನೋಡಿ ಹಾಕು’ ಅನ್ನುತ್ತಾರೆ. ಅಸಲಿ ದಾಖಲೆ ಎಲ್ಲಿರುತ್ತದೆ? ಅದನ್ನು ನನ್ನಂಥವಳು ಓದಿ ಅರ್ಥ ಮಾಡಿಕೊಳ್ಳಬಹುದೆ? ಸಂಸದರ ಹೆಸರು ಮಾತ್ರ ಹಾಕಬೇಡಿ, ಮನೆಯಲ್ಲಿ ಮತ್ತೆ ಶುರುವಾಗುತ್ತದೆ.

ಉತ್ತರ: ಹೆಸರು ಹಾಕುವುದಿಲ್ಲ, ಮೇಡಂ. ಹಾಕಿದರೂ ಉಪಯೋಗವಿಲ್ಲ; ಈ ಎರಡು ಕರಪತ್ರಗಳನ್ನು ಅಮೆರಿಕದ ಹೆಚ್ಚುಕಡಿಮೆ ಯಾವ ಸಂಸದರ ಮೇಲೆ ಬೇಕಾದರೂ ಅಚ್ಚು ಹಾಕಿಸಬಹುದು. ನಿಮ್ಮನ್ನು ಕಾಡುತ್ತಿರುವುದು ಯಾರಿಗೆ ಮತ ಹಾಕಲಿ ಎನ್ನುವುದಲ್ಲ. ಒಬ್ಬನೇ ಮನುಷ್ಯ ಸೋಮವಾರ ಗಡಿ ಬಿಟ್ಟುಕೊಟ್ಟವನು, ಮಂಗಳವಾರ ಗಡಿ ಕಾಯ್ದವನು ಹೇಗಾದ ಎನ್ನುವುದು. ಯಜಮಾನರು ‘ಎಲ್ಲ ಸುಳ್ಳು’ ಅಂದಿದ್ದಾರಲ್ಲ, ನನ್ನ ಅನುಭವದಲ್ಲಿ ಹಾಗಲ್ಲ. ಎರಡೂ ನಿಜವೇ ಇದ್ದೀತು. ಪೂರಾ ಸುಳ್ಳಾಗಿದ್ದರೆ ಹಿಡಿಯುವುದು ಸುಲಭವಾಗುತ್ತಿತ್ತು.

ನಾನು 11 ವರ್ಷ ಒಬ್ಬ ಸೆನೆಟರ್ ಕಚೇರಿಯಲ್ಲಿ ಶಾಸನ ಸಹಾಯಕನಾಗಿದ್ದೆ. ಮತದಾನಕ್ಕೆ ಮೊದಲು ಒಂದು ಪುಟದ ಟಿಪ್ಪಣಿ ಬರೆದುಕೊಡುವುದು, ಆಮೇಲೆ ‘ಯಾಕೆ ಹಾಗೆ ಹಾಕಿದಿರಿ’ ಎಂದು ಕ್ಷೇತ್ರದಿಂದ ಬರುವ ಕಾಗದಗಳಿಗೆ ಉತ್ತರ ಬರೆಯುವುದು ನನ್ನ ಕೆಲಸ. ಸೇರಿದ ಎರಡನೇ ತಿಂಗಳಲ್ಲಿ ಒಬ್ಬ ಹಿರಿಯರು ಒಂದು ತಿದ್ದುಪಡಿಯ ಬಗ್ಗೆ ಬರೆದಿದ್ದರು. ನಾನು ದಾಖಲೆ ತೆರೆದೆ, ನಮ್ಮ ಸೆನೆಟರ್ ಹೆಸರಿನ ಮುಂದೆ ‘ಯೇ’, ಅಂದರೆ ಹೌದು, ಎಂದಿತ್ತು. ‘ನೀವು ಬಯಸಿದಂತೆ ತಿದ್ದುಪಡಿಯನ್ನು ಬೆಂಬಲಿಸಿದ್ದೇವೆ’ ಎಂದು ಬರೆದು ಕಳಿಸಿಬಿಟ್ಟೆ. ಮತಕ್ಕೆ ಬಂದದ್ದು ತಿದ್ದುಪಡಿಯಲ್ಲ, ತಿದ್ದುಪಡಿಯನ್ನು ‘ಟೇಬಲ್’ ಮಾಡುವ ಸೂಚನೆ! ನಮ್ಮ ಕಡೆ ಸದನದಲ್ಲಿ ಟೇಬಲ್ ಮಾಡುವುದೆಂದರೆ ಮಂಡಿಸುವುದು. ಅಮೆರಿಕದ ಸೆನೆಟ್‌ನಲ್ಲಿ ಟೇಬಲ್ ಮಾಡುವುದೆಂದರೆ ಅಲ್ಲೇ ಮುಗಿಸಿಹಾಕುವುದು. ಹೌದು ಎಂದವರು ಅಸಲಿಗೆ ಬೇಡ ಎಂದಿದ್ದರು. ಹಿರಿಯರು ನನ್ನ ಕಾಗದದ ಮೇಲೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿ, ಮತದಾನದ ಸಂಖ್ಯೆ ಬರೆದು, ಬೇರೇನೂ ಹೇಳದೆ ವಾಪಸ್ ಕಳಿಸಿದರು. ಆ ಕಾಗದವನ್ನು ಬಹಳ ಕಾಲ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೆ.

ಯಾರು ಏನೆಂದರು ಎಂದು ನೋಡುವ ಮೊದಲು ಅವರನ್ನು ಕೇಳಿದ್ದೇನು ಎಂದು ನೋಡಬೇಕು. ನಿಮಗೆ ಹೇಳಬೇಕಾದದ್ದು ಮುಖ್ಯವಾಗಿ ಇಷ್ಟೇ. ಆದರೆ ಇದು ಹೇಳಿದಷ್ಟು ಸಲೀಸಲ್ಲ, ಅದಕ್ಕೇ ಉತ್ತರ ಉದ್ದವಾಗುತ್ತದೆ.

ಕರ್ನಾಟಕದಿಂದ ಬಂದ ನಮಗೆ ಇನ್ನೊಂದು ತೊಡಕಿದೆ. ನಮ್ಮಲ್ಲಿ ಶಾಸಕರು ಒಬ್ಬೊಬ್ಬರೂ ಹೇಗೆ ಮತ ಹಾಕಿದರು ಎಂದು ಯಾರೂ ಹುಡುಕುವುದಿಲ್ಲ. ಹೆಚ್ಚಿನ ವಿಧೇಯಕಗಳು ಧ್ವನಿಮತದಲ್ಲಿ ಮುಗಿಯುತ್ತವೆ. 1985ರ ಪಕ್ಷಾಂತರ ನಿಷೇಧ ಕಾಯ್ದೆ ಬಂದ ಮೇಲೆ ವಿಪ್ ಮೀರಿದರೆ ಸ್ಥಾನಕ್ಕೇ ಕುತ್ತು. 2019ರಲ್ಲಿ ಬೆಂಗಳೂರಿನಲ್ಲಿ ಒಟ್ಟು 17 ಶಾಸಕರು ಆ ಕಾಯ್ದೆಯಡಿ ಅನರ್ಹರಾದದ್ದು ನಿಮಗೆ ನೆನಪಿರಬೇಕು. ಇಲ್ಲಿನ ವಿಪ್‌ಗೆ ಆ ಹಲ್ಲಿಲ್ಲ. ಓಲೈಸಬಹುದು, ಸಮಿತಿಯ ಜಾಗ ತಪ್ಪಿಸಬಹುದು, ಮುಂದಿನ ಪ್ರೈಮರಿಯಲ್ಲಿ, ಅಂದರೆ ಪಕ್ಷದ ಅಭ್ಯರ್ಥಿಯನ್ನು ಆರಿಸುವ ಚುನಾವಣೆಯಲ್ಲಿ, ಎದುರಾಳಿ ಹುಟ್ಟುವಂತೆ ಮಾಡಬಹುದು, ಆದರೆ ಸದನದಿಂದ ಕಳಿಸಲಾಗದು. ಹಾಗಾಗಿ ಇಲ್ಲಿ ಒಬ್ಬ ಸದಸ್ಯರ ಮತದ ದಾಖಲೆಗೆ ಅವರದೇ ಗುಣ ಇರುತ್ತದೆ, ಓದಲು ಯೋಗ್ಯ. ಓದುವ ರೀತಿ ತಪ್ಪಿದರೆ ಮಾತ್ರ ಅನಾಹುತ.

ಅಂಥ ಅನಾಹುತಕ್ಕೆ ಒಳ್ಳೆಯ ಉದಾಹರಣೆ 2002ರದ್ದು. ಜಾರ್ಜಿಯಾದ ಸೆನೆಟರ್ ಮ್ಯಾಕ್ಸ್ ಕ್ಲೆಲ್ಯಾಂಡ್, ಡೆಮಾಕ್ರಾಟ್. 1968ರಲ್ಲಿ ವಿಯೆಟ್ನಾಂನಲ್ಲಿ ಗ್ರೆನೇಡ್ ಸಿಡಿದು ಎರಡೂ ಕಾಲು, ಬಲಗೈ ಕಳೆದುಕೊಂಡಿದ್ದ ಸೈನಿಕ. ಅವರ ಎದುರಾಳಿಯ ಟಿವಿ ಜಾಹೀರಾತಿನಲ್ಲಿ ಒಸಾಮಾ ಬಿನ್ ಲಾದೆನ್, ಸದ್ದಾಂ ಹುಸೇನ್ ಮುಖ ತೋರಿಸಿ, ಅಧ್ಯಕ್ಷರ ಆಂತರಿಕ ಭದ್ರತೆಯ ಪ್ರಯತ್ನಗಳ ವಿರುದ್ಧ ಕ್ಲೆಲ್ಯಾಂಡ್ 11 ಸಲ ಮತ ಹಾಕಿದ್ದಾರೆ ಎನ್ನಲಾಗಿತ್ತು. ಜಾನ್ ಮೆಕೇನ್, ಚಕ್ ಹೇಗಲ್‌ರಂಥ ಎದುರು ಪಕ್ಷದ ಯೋಧರೇ ಆ ಜಾಹೀರಾತನ್ನು ಖಂಡಿಸಿದರು. ಕ್ಲೆಲ್ಯಾಂಡ್ ಸೋತರು.

ಈಗ ಆ ಹನ್ನೊಂದು ಮತಗಳ ಒಳಗೆ ಇಣುಕೋಣ. ಹೋಮ್‌ಲ್ಯಾಂಡ್ ಸೆಕ್ಯುರಿಟಿ, ಅಂದರೆ ಆಂತರಿಕ ಭದ್ರತಾ ಇಲಾಖೆ ಬೇಕು ಎಂದು ಡೆಮಾಕ್ರಾಟರು ಮೊದಲೇ ಮಸೂದೆ ತಂದಿದ್ದರು. ಬುಷ್ ಸರ್ಕಾರ ಮೊದಲು ಬೇಡ ಎಂದು, 2002ರ ಜೂನ್‌ನಲ್ಲಿ ಒಪ್ಪಿಕೊಂಡಿತು. ಕ್ಲೆಲ್ಯಾಂಡ್ ಇಲಾಖೆಯ ಪರವೇ ಇದ್ದರು. ಜಗಳ ಇದ್ದದ್ದು ಬೇರೆ ಕಡೆ. 22 ಸಂಸ್ಥೆಗಳನ್ನು ಒಟ್ಟು ಸೇರಿಸಿ ಸುಮಾರು 1,70,000 ನೌಕರರ ಒಂದು ಇಲಾಖೆ ಕಟ್ಟುವಾಗ, ಆ ನೌಕರರ ಯೂನಿಯನ್ ಹಕ್ಕು, ವರ್ಗಾವಣೆ, ವಜಾ ಇವುಗಳ ನಿಯಮವನ್ನು ಅಧ್ಯಕ್ಷರು ಎಷ್ಟು ಸಡಿಲಿಸಬಹುದು? ವಾರಗಟ್ಟಲೆ ಸೆನೆಟ್ ಕಚ್ಚಾಡಿದ್ದು ಇದರ ಮೇಲೆ, ಅದೂ ತಿದ್ದುಪಡಿಗಳ ಮೂಲಕ, ಚರ್ಚೆ ಮುಗಿಸುವ ಸೂಚನೆಗಳ ಮೂಲಕ. ಸಿಬ್ಬಂದಿ ನಿಯಮದ ಜಗಳಕ್ಕೆ ಭದ್ರತೆಯ ಅಂಗಿ ತೊಡಿಸಲಾಯಿತು. ಇಲಾಖೆ ಬೇಕೆ ಬೇಡವೆ ಎಂಬ ಕೊನೆಯ ಮತದಾನ ನಡೆದದ್ದು ಚುನಾವಣೆ ಮುಗಿದು ಎರಡು ವಾರದ ಮೇಲೆ, ನವೆಂಬರ್ 19ರಂದು: 90–9. ಸೋತು ಗಂಟುಮೂಟೆ ಕಟ್ಟುತ್ತಿದ್ದ ಕ್ಲೆಲ್ಯಾಂಡ್ ಹೌದು ಎಂದರು.

‘ಬೇಡ’ ಎಂದ ಒಂಬತ್ತು ಮಂದಿಯಲ್ಲಿ ನಿಮ್ಮ ಮಿಷಿಗನ್‌ನ ಕಾರ್ಲ್ ಲೆವಿನ್ ಒಬ್ಬರು. ಅವರು ಆ ನವೆಂಬರ್‌ನಲ್ಲೇ ಆರಾಮವಾಗಿ ಗೆದ್ದು ಬಂದಿದ್ದರು, 2008ರಲ್ಲಿ ಮತ್ತೆ ಗೆದ್ದರು. ನಿಜವಾಗಿ ಇಲಾಖೆಯ ಮಸೂದೆಗೆ ವಿರುದ್ಧ ಮತ ಹಾಕಿದವರಿಗೆ ಏನೂ ಆಗಲಿಲ್ಲ. ಪರ ಹಾಕಿದವರು ‘ವಿರುದ್ಧ’ ಎಂಬ ಜಾಹೀರಾತಿನ ಹೊಡೆತ ತಿಂದರು. ಇನ್ನೂ ಒಂದು ಮಾತು: ಆಮೇಲೆ ಇಲಾಖೆ ತಂದ ಆ ಸಿಬ್ಬಂದಿ ನಿಯಮಗಳಲ್ಲಿ ಮುಖ್ಯವಾದವು ನ್ಯಾಯಾಲಯದಲ್ಲಿ ನಿಲ್ಲಲಿಲ್ಲ.

ನೌಕರರ ನಿಯಮದ ಜಗಳ ಭದ್ರತೆಯ ಮತವಾಗಿ ಕಂಡದ್ದು ಕಾಕತಾಳೀಯವಲ್ಲ. ಸೆನೆಟ್‌ನಲ್ಲಿ ಈ ವಿಷಯ ನೋಡಿಕೊಳ್ಳುವ ಸಮಿತಿ ಮೊದಲಿನಿಂದ ‘ಸರ್ಕಾರಿ ವ್ಯವಹಾರಗಳ ಸಮಿತಿ’. 2005ರಲ್ಲಿ ಅದಕ್ಕೆ ಆಂತರಿಕ ಭದ್ರತೆಯ ಹೆಸರೂ ಅಂಟಿತು. ಹಾಗಾಗಿ ಒಂದೇ ಮೇಜಿನ ಮೇಲೆ ಗಡಿ ಕಾವಲು, ಸೈಬರ್ ಭದ್ರತೆ, ಜನಗಣತಿ, ಕೇಂದ್ರ ನೌಕರರ ಸೇವಾ ನಿಯಮ ಎಲ್ಲ ಬರುತ್ತವೆ. ಆ ಕರಪತ್ರವನ್ನು ನಿಮ್ಮ ಡಬ್ಬಿಗೆ ತಂದುಹಾಕುವ ಅಂಚೆ ಸೇವೆ ಕೂಡ ಇದೇ ಸಮಿತಿಯ ಸುಪರ್ದಿ. ಮಿಷಿಗನ್‌ನ ಗ್ಯಾರಿ ಪೀಟರ್ಸ್ ಈ ಸಮಿತಿಯ ಅಧ್ಯಕ್ಷರಾಗಿದ್ದಾಗ, 2022ರ ಮಾರ್ಚ್‌ನಲ್ಲಿ ಅಂಚೆ ಸುಧಾರಣೆ ಮಸೂದೆ ಸೆನೆಟ್‌ನಲ್ಲಿ 79–19ರಲ್ಲಿ ಪಾಸಾಯಿತು. ಎರಡೂ ಪಕ್ಷದವರು ಒಟ್ಟಿಗೆ ಮಾಡಿದ ಗಟ್ಟಿ ಕೆಲಸ. ಯಾವ ಕರಪತ್ರದಲ್ಲಾದರೂ ಅದನ್ನು ನೋಡಿದ್ದೀರಾ?

ಇನ್ನು ದಾಖಲೆ ಎಲ್ಲಿ ಎನ್ನುವುದು. ಸೆನೆಟ್‌ನ ಜಾಲತಾಣದಲ್ಲಿ, ಹೌಸ್‌ನದಾದರೆ (ಅಂದರೆ ಕೆಳಮನೆಯದಾದರೆ) ಕ್ಲರ್ಕ್ ಕಚೇರಿಯ ಜಾಲತಾಣದಲ್ಲಿ, ಪ್ರತಿ ರೋಲ್ ಕಾಲ್ ಮತದಾನಕ್ಕೂ, ಅಂದರೆ ಯಾರು ಏನೆಂದರು ಎಂದು ಹೆಸರು ಸಮೇತ ದಾಖಲಾಗುವ ಮತದಾನಕ್ಕೂ, ಒಂದು ಸಂಖ್ಯೆ, ಒಂದು ಪುಟ. ದುಡ್ಡಿಲ್ಲ, ನೋಂದಣಿಯಿಲ್ಲ. ಸೆನೆಟ್ ಪುಟ ತೆರೆದರೆ ಹೆಸರುಗಳ ಮೇಲುಗಡೆ ನಾಲ್ಕೈದು ಸಾಲು ಇರುತ್ತವೆ: ಪ್ರಶ್ನೆ ಏನು, ಪಾಸಾಗಲು ಎಷ್ಟು ಬೇಕು, ಫಲಿತಾಂಶ ಏನು, ಮಸೂದೆಯ ಸಂಖ್ಯೆ, ಶೀರ್ಷಿಕೆ. ಎಲ್ಲರೂ ಈ ಸಾಲುಗಳನ್ನು ಹಾರಿ ಕೆಳಗಿನ ಹೆಸರಿಗೆ ಹೋಗುತ್ತಾರೆ. ನೀವು ಮೇಲೇ ನಿಂತುಕೊಳ್ಳಿ.

ಒಂದನ್ನು ಒಟ್ಟಿಗೆ ಓದೋಣ, 2024ರ ಫೆಬ್ರುವರಿ 7ರದ್ದು. ಗಡಿ ನಿಯಂತ್ರಣ, ಉಕ್ರೇನ್, ಇಸ್ರೇಲ್ ನೆರವು ಎಲ್ಲ ಸೇರಿದ ದೊಡ್ಡ ಒಪ್ಪಂದ. ಪುಟದಲ್ಲಿರುವ ಮಸೂದೆಯ ಸಂಖ್ಯೆ ಎಚ್.ಆರ್. 815. ಅದು ಹುಟ್ಟಿದ್ದು ನಿವೃತ್ತ ಯೋಧರ ತುರ್ತು ಚಿಕಿತ್ಸೆಯ ಬಿಲ್ ಕುರಿತ ಮಸೂದೆಯಾಗಿ! ಖಾಲಿ ಲಾರಿ ಸಿಕ್ಕಿದರೆ ಬೇರೆ ಸರಕು ಹೇರುವಂತೆ, ಅರ್ಧ ದಾರಿ ಬಂದ ಮಸೂದೆಯೊಳಗೆ ಹೊಸದನ್ನು ತುಂಬುವುದು ಇಲ್ಲಿ ಮಾಮೂಲು. ಪ್ರಶ್ನೆಯ ಸಾಲಿನಲ್ಲಿರುವುದು ‘ಕ್ಲೋಚರ್’: ಮಸೂದೆಯನ್ನು ಕೈಗೆತ್ತಿಕೊಳ್ಳಬೇಕೆ ಎಂಬ ಚರ್ಚೆಯನ್ನು ನಿಲ್ಲಿಸೋಣವೆ? ಅದಕ್ಕೆ 60 ಬೇಕು. ಬಂದದ್ದು 49, ವಿರುದ್ಧ 50. ಮಸೂದೆ ಒಳ್ಳೆಯದೋ ಕೆಟ್ಟದ್ದೋ ಎಂದು ಅವತ್ತು ಯಾರೂ ಮತ ಹಾಕಲಿಲ್ಲ. ಬಾಗಿಲು ತೆರೆಯುವುದೋ ಬೇಡವೋ ಎಂದಷ್ಟೇ.

ಆ ‘ಬೇಡ’ದ ಪಟ್ಟಿಯಲ್ಲಿ ಯಾರಿದ್ದಾರೆ ನೋಡಿ: ಚಕ್ ಶೂಮರ್, ಮಸೂದೆಯನ್ನು ಸದನಕ್ಕೆ ತಂದ ಬಹುಮತ ಪಕ್ಷದ ನಾಯಕ. ಮನಸ್ಸು ಬದಲಾಯಿತೆ? ಇಲ್ಲ. ಬಿದ್ದುಹೋದ ಮತದಾನವನ್ನು ಮತ್ತೆ ಎತ್ತಿಕೊಳ್ಳಿ ಎಂದು ಕೇಳುವ ಹಕ್ಕು ಗೆದ್ದ ಕಡೆ ಮತ ಹಾಕಿದವರಿಗಿರುತ್ತದೆ. ಸೋಲು ಖಾತ್ರಿಯಾದಾಗ ನಾಯಕರು ಕೊನೆ ಗಳಿಗೆಯಲ್ಲಿ ತಮ್ಮ ಮತವನ್ನು ಎದುರು ಸಾಲಿಗೆ ಹಾಕಿ ಆ ಹಕ್ಕು ಉಳಿಸಿಕೊಳ್ಳುತ್ತಾರೆ. ಮರುದಿನ, ಗಡಿಯ ಭಾಗ ಬಿಟ್ಟು ಉಳಿದದ್ದಕ್ಕಾಗಿ ಅದೇ ಬಾಗಿಲು 67–32ರಲ್ಲಿ ತೆರೆಯಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಗಡಿಯ ಭಾಗವನ್ನು ತಿಂಗಳುಗಟ್ಟಲೆ ಕೂತು ಬರೆದವರಲ್ಲಿ ಓಕ್ಲಹೋಮಾದ ರಿಪಬ್ಲಿಕನ್ ಜೇಮ್ಸ್ ಲ್ಯಾಂಕ್‌ಫರ್ಡ್ ಪ್ರಮುಖರು. ಫೆಬ್ರುವರಿಯಲ್ಲಿ ಅವರು ಹೌದು ಎಂದಿದ್ದರು. ಮೇ 23ರಂದು ಶೂಮರ್ ಗಡಿಯ ಭಾಗವೊಂದನ್ನೇ ಮತ್ತೆ ತಂದರು, 43–50ರಲ್ಲಿ ಬಿತ್ತು. ಲ್ಯಾಂಕ್‌ಫರ್ಡ್ ತಾವೇ ಬರೆದದ್ದಕ್ಕೆ ‘ಬೇಡ’ ಎಂದರು. ಇದು ಕಾನೂನು ಮಾಡುವ ಪ್ರಯತ್ನವಲ್ಲ, ಚುನಾವಣೆಗೆ ಕರಪತ್ರ ಮಾಡುವ ಪ್ರಯತ್ನ ಎನ್ನುವ ಧಾಟಿ ಅವರದು. ಅವರ ಜತೆ ಕೂತು ಬರೆದಿದ್ದ ಸೆನೆಟರ್ ಕಿರ್ಸ್ಟನ್ ಸಿನೆಮಾ ಕೂಡ ಬೇಡ ಎಂದರು. ಅವರ ವಾದ ಒಪ್ಪುವುದು ಬಿಡುವುದು ನಿಮ್ಮಿಷ್ಟ. ಆದರೆ ‘ಲ್ಯಾಂಕ್‌ಫರ್ಡ್ ಗಡಿ ಭದ್ರತೆಯ ಪರ ಮತ ಹಾಕಿದರು’, ‘ವಿರುದ್ಧ ಮತ ಹಾಕಿದರು’ ಎರಡನ್ನೂ ದಾಖಲೆ ಸಮೇತ ತೋರಿಸಬಹುದು. ನಿಮ್ಮ ಸೋಮವಾರ-ಮಂಗಳವಾರದ ಕರಪತ್ರಗಳು ಹುಟ್ಟುವುದು ಹೀಗೆ.

ಹೌಸ್‌ನಲ್ಲೂ ಇದೇ ಆಟ ಫೆಬ್ರುವರಿಯ ಅದೇ ವಾರ ನಡೆಯಿತು. ಭದ್ರತಾ ಇಲಾಖೆಯ ಕಾರ್ಯದರ್ಶಿ ಮಯೋರ್ಕಾಸ್ ಮೇಲೆ, ಹುದ್ದೆಯಿಂದ ತೆಗೆಯಲು, ದೋಷಾರೋಪ (ಇಂಪೀಚ್‌ಮೆಂಟ್). ಮೊದಲು ಹೌಸ್‌ನ ಭದ್ರತಾ ಸಮಿತಿಯಲ್ಲಿ, ನಡುರಾತ್ರಿ ದಾಟಿದ ಮೇಲೆ, 18–15. ಪೂರ್ತಿ ಪಕ್ಷದ ಗೆರೆಯ ಮೇಲೆ. (ಬೆಳಗಾವಿಯಲ್ಲಿ ಬೆಳೆದು ಡೆಟ್ರಾಯಿಟ್‌ನಿಂದ ಆರಿಸಿಬಂದ ಶ್ರೀ ಥಾನೇದಾರ್ ಆಗ ಆ ಸಮಿತಿಯ ಸದಸ್ಯರಾಗಿದ್ದರು, ಡೆಮಾಕ್ರಾಟರ ಆ 15ರಲ್ಲಿ ಅವರದೂ ಒಂದು.) ಫೆಬ್ರುವರಿ 6ರ ಸಂಜೆ ಇಡೀ ಸದನದ ಮುಂದೆ ಬಂತು. ಟೆಕ್ಸಸ್‌ನ ಡೆಮಾಕ್ರಾಟ್ ಆಲ್ ಗ್ರೀನ್ ಶಸ್ತ್ರಚಿಕಿತ್ಸೆಯಾಗಿ ಆಸ್ಪತ್ರೆಯಲ್ಲಿದ್ದರು. ಆಸ್ಪತ್ರೆಯ ಉಡುಪಿನಲ್ಲೇ, ಕಾಲಿಗೆ ಬೂಟಿಲ್ಲದೆ, ಗಾಲಿಕುರ್ಚಿಯಲ್ಲಿ ಕೂರಿಸಿಕೊಂಡು ಬಂದರು. ಅವರ ಮತದಿಂದ ಫಲಕದ ಮೇಲೆ 215–215 ಆಯಿತು. ಸಮಬಲವೆಂದರೆ ಸೋಲು. ತಕ್ಷಣ ಯುಟಾದ ರಿಪಬ್ಲಿಕನ್ ಬ್ಲೇಕ್ ಮೂರ್ ತಮ್ಮ ‘ಹೌದು’ವನ್ನು ‘ಬೇಡ’ಕ್ಕೆ ತಿರುಗಿಸಿದರು: 214–216. ಕಾರಣ ಶೂಮರ್‌ದೇ, ಮತ್ತೆ ತರಲು. ಒಂದು ವಾರದ ಮೇಲೆ, ಕ್ಯಾನ್ಸರ್ ಚಿಕಿತ್ಸೆಗೆ ಹೋಗಿದ್ದ ರಿಪಬ್ಲಿಕನ್ ಸ್ಟೀವ್ ಸ್ಕಲೀಸ್ ವಾಪಸಾದಾಗ, 214–213ರಲ್ಲಿ ದೋಷಾರೋಪ ಪಾಸಾಯಿತು. ಏಪ್ರಿಲ್‌ನಲ್ಲಿ ಸೆನೆಟ್ ಅದನ್ನು ಕೈಬಿಟ್ಟಿತು.

ನಿಮ್ಮ ಕರಪತ್ರದ ‘31 ಗೈರು’ ವಿಷಯಕ್ಕೂ ಇಲ್ಲೇ ಉತ್ತರವಿದೆ. ಆ ಮೊದಲ ದಿನ ಸ್ಕಲೀಸ್ ಹೆಸರಿನ ಮುಂದೆ ಇರುವುದು ‘ಮತ ಹಾಕಿಲ್ಲ’ ಎಂದಷ್ಟೇ. ಕೀಮೋಥೆರಪಿಗೆ ಹೋದವರಿಗೂ ಗಾಲ್ಫ್ ಆಡಲು ಹೋದವರಿಗೂ ದಾಖಲೆಯಲ್ಲಿ ಒಂದೇ ಮಾತು. ಕೋವಿಡ್ ಕಾಲದಲ್ಲಿ ಹೌಸ್ ಸದಸ್ಯರು ಇನ್ನೊಬ್ಬರ ಮೂಲಕ ಮತ ಹಾಕಿಸಬಹುದಿತ್ತು, 2023ರ ಜನವರಿಗೆ ಅದು ನಿಂತಿತು. ಅದಕ್ಕೇ ಆಲ್ ಗ್ರೀನ್ ಬೂಟಿಲ್ಲದೆ ಬರಬೇಕಾಯಿತು. ಹೌಸ್‌ನಲ್ಲಿ ವರ್ಷಕ್ಕೆ ನೂರಾರು ರೋಲ್ ಕಾಲ್ ಇರುತ್ತವೆ. 31 ಎನ್ನುವುದು ಎಷ್ಟರಲ್ಲಿ 31, ಎಷ್ಟು ವರ್ಷದಲ್ಲಿ, ಒಂದೇ ವಾರದ್ದೋ ಚದುರಿದ್ದೋ? ಒಂದೇ ವಾರದಲ್ಲಿ ಗುಂಪಾಗಿದ್ದರೆ ಬಹುತೇಕ ಕಾಯಿಲೆ, ಇಲ್ಲವೇ ಮನೆಯಲ್ಲಿ ಸಾವು. ಬಿಗಿಯಾದ ಮತದಾನಗಳ ದಿನವೇ ಆರಿಸಿ ಆರಿಸಿ ಗೈರಾಗಿದ್ದರೆ ಅನುಮಾನ ಪಡಿ. ಅಂಥವರನ್ನೂ ನೋಡಿದ್ದೇನೆ.

ಒಂದೇ ಮಸೂದೆಗೆ ನೂರು ವಿಷಯ ಕಟ್ಟುವುದು ಇನ್ನೊಂದು ಕಾರಣ. 2025ರ ಜುಲೈ 4ರಂದು ಸಹಿಯಾದ ದೊಡ್ಡ ಬಜೆಟ್ ಕಾನೂನನ್ನೇ ತೆಗೆದುಕೊಳ್ಳಿ. ಸೆನೆಟ್‌ನಲ್ಲಿ ಉಪಾಧ್ಯಕ್ಷರ ಮತ ಸೇರಿ 51–50, ಹೌಸ್‌ನಲ್ಲಿ 218–214. ಅದರೊಳಗೆ ಗಡಿ ಗೋಡೆಗೆ 46.5 ಬಿಲಿಯನ್ ಡಾಲರ್, ವಲಸಿಗರ ಬಂಧನ ಕೇಂದ್ರಗಳಿಗೆ 45 ಬಿಲಿಯನ್. ಅದೇ ಕಾನೂನಿನಲ್ಲಿ ತೆರಿಗೆ ಇಳಿಕೆ, ಮೆಡಿಕೇಡ್ (ಬಡವರ ಸರ್ಕಾರಿ ಆರೋಗ್ಯ ವಿಮೆ) ಕಡಿತ, ಬಡವರ ಆಹಾರ ನೆರವಿನ ಕಡಿತ. ಊರಿಗೆ ನಗದು ಕೊಟ್ಟು ಹಣ ಕಳಿಸುವವರ ಮೇಲೆ ಶೇ 1 ತೆರಿಗೆಯೂ ಅದರಲ್ಲೇ. ನಿಮ್ಮ ವಾಟ್ಸಾಪ್ ಗುಂಪು ಆ ವರ್ಷ ಗಾಬರಿಯಾಗಿದ್ದರೆ ಆಶ್ಚರ್ಯವಿಲ್ಲ, ಮೊದಲು ಶೇ 5 ಎಂಬ ಮಾತಿತ್ತು. ಈ ಮಸೂದೆಗೆ ‘ಬೇಡ’ ಎಂದವರನ್ನು ‘ಗಡಿಯ ವಿರೋಧಿ’ ಎನ್ನಬಹುದು, ‘ಬಡವರ ಆಸ್ಪತ್ರೆ ಉಳಿಸಲು ನಿಂತವರು’ ಎನ್ನಬಹುದು. ‘ಹೌದು’ ಎಂದವರನ್ನು ‘ಗಡಿ ಕಾಯ್ದವರು’ ಎನ್ನಬಹುದು, ‘ಅಮ್ಮನಿಗೆ ಕಳಿಸುವ ದುಡ್ಡಿಗೂ ಕೈ ಹಾಕಿದವರು’ ಎನ್ನಬಹುದು. ಯಾವುದೂ ಸುಳ್ಳಲ್ಲ. ಎಂಥ ಅನುಕೂಲ!

ತದ್ವಿರುದ್ಧ ಗುಣದ ಮತಗಳೂ ಇವೆ, ಅವುಗಳನ್ನು ಹುಡುಕಿ. ಒಂದೇ ವಿಷಯ, ಒಂದೇ ಪ್ರಶ್ನೆ, ಪಕ್ಷದ ಗೆರೆ ಒಡೆದದ್ದು. 2024ರ ಏಪ್ರಿಲ್ 12ರಂದು ಹೌಸ್‌ನಲ್ಲಿ ಹಾಗೊಂದು ನಡೆಯಿತು. ಹೊರದೇಶದಲ್ಲಿರುವ ವಿದೇಶಿಯರ ಸಂವಹನವನ್ನು ಗುಪ್ತಚರರು ಸಂಗ್ರಹಿಸುವ ಕಾನೂನಿನ 702ನೇ ಸೆಕ್ಷನ್ ಮುಂದುವರಿಸುವ ಮಸೂದೆ. ಆ ರಾಶಿಯಲ್ಲಿ ಅಮೆರಿಕನ್ನರ ಹೆಸರು ಹಾಕಿ ಹುಡುಕುವ ಮೊದಲು ನ್ಯಾಯಾಧೀಶರ ವಾರಂಟ್ ಬೇಕು ಎಂದೊಂದು ತಿದ್ದುಪಡಿ. ಹೊರದೇಶದ ಜತೆ ದಿನಾ ಮಾತಾಡುವ ನಮ್ಮಂಥವರಿಗೆ ಸಂಬಂಧವಿಲ್ಲದ ವಿಷಯವೇನಲ್ಲ. ಫಲಿತಾಂಶ 212–212. ಪರವಾಗಿ ಇನ್ನೊಂದು ಮತ ಬಿದ್ದಿದ್ದರೆ ಮಸೂದೆಯೇ ಬೇರೆ. ರಿಪಬ್ಲಿಕನ್ನರ ಕಟ್ಟಾ ಬಲ, ಡೆಮಾಕ್ರಾಟರ ಕಟ್ಟಾ ಎಡ ಒಂದು ಕಡೆ. ಎರಡೂ ಪಕ್ಷದ ಮಧ್ಯದವರು ಇನ್ನೊಂದು ಕಡೆ. ನಂತರ ಮೂಲ ಮಸೂದೆ 273–147ರಲ್ಲಿ ಆರಾಮವಾಗಿ ಪಾಸಾಯಿತು. ಆ ಕೊನೆಯ ಮತ ನೋಡಿದರೆ ನಿಮ್ಮ ಸಂಸದರ ಬಗ್ಗೆ ಹೆಚ್ಚೇನೂ ತಿಳಿಯದು. ತಿದ್ದುಪಡಿಯ ಮತ ನೋಡಿದರೆ ಮನುಷ್ಯ ಕಾಣುತ್ತಾನೆ. ನನಗೆ ಯಾರಾದರೂ ‘ಭದ್ರತೆಯ ಬಗ್ಗೆ ಇವರ ನಿಲುವೇನು, ಒಂದೇ ಮತ ನೋಡಿ ಹೇಳು’ ಎಂದರೆ, 2024ರಲ್ಲಿ ಸದನದಲ್ಲಿದ್ದವರ ಮಟ್ಟಿಗೆ ನಾನು ಇದನ್ನೇ ತೆರೆಯುತ್ತೇನೆ.

ಹಾಗೆಯೇ ದಾಖಲೆಯೇ ಇಲ್ಲದ ತೀರ್ಮಾನಗಳಿವೆ, ಅದು ನಮ್ಮವರಿಗೆ ಚೆನ್ನಾಗಿ ತಾಗಿದ್ದು. ಗ್ರೀನ್ ಕಾರ್ಡ್ ಸರದಿಯಲ್ಲಿ ದೇಶವಾರು ಮಿತಿ ತೆಗೆಯುವ ಮಸೂದೆ 2019ರ ಜುಲೈ 10ರಂದು ಹೌಸ್‌ನಲ್ಲಿ 365–65ರಲ್ಲಿ ಪಾಸಾಯಿತು. ಪ್ರತಿ ಹೆಸರೂ ಸಿಗುತ್ತದೆ. ಸೆನೆಟ್‌ನಲ್ಲಿ ಮೈಕ್ ಲೀ ಅದರ ಇನ್ನೊಂದು ರೂಪವನ್ನು ಸರ್ವಾನುಮತದ ದಾರಿಯಲ್ಲಿ ತಂದರು. ಅಲ್ಲಿ ಒಬ್ಬರು ಎದ್ದು ‘ನನ್ನ ಆಕ್ಷೇಪವಿದೆ’ ಎಂದರೆ ಅವತ್ತಿಗೆ ಮುಗಿಯಿತು. 2019ರ ಅಕ್ಟೋಬರ್‌ನಲ್ಲಿ ಡಿಕ್ ಡರ್ಬಿನ್ ಹಾಗೆ ಎದ್ದರು. ಕೊನೆಗೆ 2020ರ ಡಿಸೆಂಬರ್ 2ರಂದು ಯಾರೂ ಆಕ್ಷೇಪಿಸದೆ ಪಾಸಾಯಿತು. ಹೌಸ್‌ನ ರೂಪವೂ ಸೆನೆಟ್‌ನ ರೂಪವೂ ಹೊಂದಲಿಲ್ಲ, ಅವಧಿ ಮುಗಿಯಿತು, ಮಸೂದೆ ಸತ್ತಿತು. ಇಷ್ಟು ಜನರ ಬದುಕು ತಟ್ಟುವ ವಿಷಯದಲ್ಲಿ ನೂರು ಸೆನೆಟರ್‌ಗಳಲ್ಲಿ ಒಬ್ಬರ ಹೆಸರಿನ ಮುಂದೆಯೂ ಹೌದು, ಬೇಡ ಇಲ್ಲ. ಅಂಥ ಕಡೆ ಮತ ಹುಡುಕಬೇಡಿ. ಮಸೂದೆಗೆ ಸಹಪ್ರಾಯೋಜಕರಾಗಿ ಸಹಿ ಹಾಕಿದವರ ಪಟ್ಟಿ, ಎದ್ದು ಆಕ್ಷೇಪಿಸಿದವರ ಮಾತು ಕಾಂಗ್ರೆಸ್ಸಿನ ದಿನಚರಿ ದಾಖಲೆಯಲ್ಲಿರುತ್ತದೆ. ಅದು ಸಾರ್ವಜನಿಕವೇ.

ಎಫ್ ಮತ್ತು 92ರ ರಹಸ್ಯ ಸಣ್ಣದು. ಪ್ರತಿ ಸಂಘಟನೆ ತನಗೆ ಬೇಕಾದ ಹತ್ತು ಹದಿನೈದು ಮತ ಆರಿಸಿಕೊಂಡು ಅಂಕ ಕೊಡುತ್ತದೆ. ಪ್ರಶ್ನೆಪತ್ರಿಕೆ ಬರೆಯುವವರೇ ಮೌಲ್ಯಮಾಪಕರು. ಕೆಲವು ಸಂಘಟನೆಗಳು ಗೈರನ್ನೂ ತಪ್ಪು ಉತ್ತರವೆಂದೇ ಎಣಿಸುತ್ತವೆ. ಅಂಕವನ್ನು ನಂಬಬೇಡಿ ಎನ್ನುವುದಿಲ್ಲ. ಸಂಘಟನೆ ಯಾವುದು ಎಂದು ಗೊತ್ತಿದ್ದು, ಅವರ ವಿಚಾರ ನಿಮಗೆ ಒಪ್ಪಿಗೆಯಿದ್ದರೆ ಅದು ಒಳ್ಳೆಯ ಅಡ್ಡದಾರಿ. ಗೊತ್ತಿಲ್ಲದಿದ್ದರೆ ಎತ್ತು ಈಯಿತು ಎಂದರೆ ಕೊಟ್ಟಿಗೆಯಲ್ಲಿ ಕಟ್ಟು ಎಂದಂತೆ.

ಇಷ್ಟೆಲ್ಲ ಕೇಳಿ ನೀವೇನು ಮಾಡಬಹುದು?

ಯಜಮಾನರ ದಾರಿ, ಪಕ್ಷ ನೋಡಿ ಹಾಕುವುದು. ನಗಬೇಡಿ, ಅದು ಮೂರ್ಖರ ದಾರಿಯಲ್ಲ. ಗಡಿ, ವಲಸೆ, ಬಜೆಟ್ ಮತಗಳಲ್ಲಿ ಬಹುಪಾಲು ಸದಸ್ಯರು ಪಕ್ಷದ ಜತೆಗೇ ನಿಲ್ಲುತ್ತಾರೆ, ನವೆಂಬರ್‌ನಲ್ಲಿ ಪಕ್ಷದ ಹೆಸರು ನಿಮಗೆ ನಿಜವಾದ ಮಾಹಿತಿಯನ್ನೇ ಕೊಡುತ್ತದೆ. ಕೈಕೊಡುವುದು ಆಗಸ್ಟ್‌ನ ಪ್ರೈಮರಿಯಲ್ಲಿ. ಅಲ್ಲಿ ಪಟ್ಟಿಯಲ್ಲಿರುವವರೆಲ್ಲ ಒಂದೇ ಪಕ್ಷ. ಮಿಷಿಗನ್‌ನಲ್ಲಿ ಯಾವ ಪಕ್ಷದ ಪ್ರೈಮರಿಯಲ್ಲಿ ಬೇಕಾದರೂ ಮತ ಹಾಕಬಹುದು, ಆದರೆ ಒಂದರಲ್ಲಿ ಮಾತ್ರ. ಎರಡೂ ಪಟ್ಟಿಯಲ್ಲಿ ಗುರುತು ಹಾಕಿದರೆ ನಿಮ್ಮ ಪ್ರೈಮರಿ ಮತ ಲೆಕ್ಕಕ್ಕಿಲ್ಲ. ಹೊಸಬರು ಇಲ್ಲಿ ಎಡವುತ್ತಾರೆ, ಜೋಪಾನ.

ಸಂಸದರ ಇಡೀ ದಾಖಲೆಯನ್ನು ನೀವೇ ಓದುತ್ತೇನೆ ಎಂದರೆ ಬೇಡ ಎನ್ನುತ್ತೇನೆ. ಮುಳುಗಿಹೋಗುತ್ತೀರಿ. ಅಂಚೆ ಕಚೇರಿಗೆ ಯಾರದೋ ಹೆಸರಿಡುವ ಮಸೂದೆಗೂ ರೋಲ್ ಕಾಲ್ ಆಗುವುದುಂಟು. ಮೂರು ದಿನ ಕೂತ ಮೇಲೆ ಸಾಕಾಗಿ ಮತ್ತೆ ಕರಪತ್ರಕ್ಕೇ ಮರಳುತ್ತೀರಿ. ಅದರ ಬದಲು ನಿಮಗೆ ಮುಖ್ಯವೆನಿಸುವ ಎರಡು ವಿಷಯ ಆರಿಸಿ, ಅದರಲ್ಲಿ ಪಕ್ಷದ ಗೆರೆ ಒಡೆದ ಒಂದೆರಡು ಮತ, ಅವರು ಪ್ರಾಯೋಜಿಸಿದ ಮಸೂದೆಗಳು, ಸಮಿತಿಯಲ್ಲಿ ಕೇಳಿದ ಪ್ರಶ್ನೆಗಳು, ಅಷ್ಟು ನೋಡಿ. ಸಮಿತಿಯ ವಿಚಾರಣೆಗಳ ವಿಡಿಯೊ ಸಿಗುತ್ತದೆ. ಅರ್ಧ ಗಂಟೆ ನೋಡಿದರೆ ಯಾರು ಕಡತ ಓದಿಕೊಂಡು ಬಂದಿದ್ದಾರೆ, ಯಾರು ಕ್ಯಾಮರಾಕ್ಕೆ ಬಂದಿದ್ದಾರೆ ಎಂದು ಗೊತ್ತಾಗಿಬಿಡುತ್ತದೆ. ಇದರಲ್ಲಿರುವ ಅಪಾಯ, ನೀವು ಆರಿಸಿದ ಎರಡು ವಿಷಯದ ಆಚೆ ಅವರು ಏನು ಮಾಡಿದರೂ ನಿಮಗೆ ಕಾಣುವುದಿಲ್ಲ. ಆ ಅಪಾಯ ನಾನೂ ಪ್ರತಿ ಸಲ ತೆಗೆದುಕೊಳ್ಳುತ್ತೇನೆ.

ಇನ್ನು ಆ ಒಂಬತ್ತು. ಕರಪತ್ರ ಎಸೆದಿಲ್ಲ ತಾನೆ? ಕೆಳಗೆ, ಇರುವೆಯಷ್ಟು ಸಣ್ಣ ಅಕ್ಷರದಲ್ಲಿ, ಸಾಮಾನ್ಯವಾಗಿ ಮತದಾನದ ಸಂಖ್ಯೆ, ದಿನಾಂಕ ಇರುತ್ತವೆ. ಕನ್ನಡಕ ಹಾಕಿಕೊಂಡು ಒಂದೊಂದನ್ನೇ ತೆರೆದು, ಪ್ರಶ್ನೆಯ ಸಾಲನ್ನು ಕರಪತ್ರದ ಅಂಚಿನಲ್ಲೇ ಬರೆದುಕೊಳ್ಳಿ. ಇದು ಮಸೂದೆಯ ಅಂತಿಮ ಮತವೋ, ತಿದ್ದುಪಡಿಯೋ, ಕ್ಲೋಚರೋ, ಟೇಬಲ್ ಮಾಡುವುದೋ, ಸಮಿತಿಗೆ ವಾಪಸ್ ಕಳಿಸುವ ಸೂಚನೆಯೋ. ಒಂದೇ ಮಸೂದೆ ನಾಲ್ಕು ಸಲ ಎಣಿಕೆಯಾಗಿದೆಯೋ. ಸಂಖ್ಯೆಯೇ ಇಲ್ಲದ ಕರಪತ್ರವನ್ನು ಒಲೆಗೆ ಹಾಕಿ. ಅಂತಿಮ ಮತ ಎಂದು ಬರೆದುಕೊಂಡವು ಎರಡೋ ಮೂರೋ ಉಳಿದಾವು. ಅವುಗಳಲ್ಲಿ ನಿಮಗೆ ನಿಜಕ್ಕೂ ಬೇಸರವಾದ ಒಂದನ್ನು ಹಿಡಿದು ಸಂಸದರ ಕ್ಷೇತ್ರ ಕಚೇರಿಗೆ ಫೋನ್ ಮಾಡಿ: ‘ಈ ದಿನ, ಈ ಸಂಖ್ಯೆಯ ಮತದಾನದಲ್ಲಿ ಯಾಕೆ ಹೀಗೆ ಹಾಕಿದರು?’ ಗಡಿಯ ಬಗ್ಗೆ ನಿಮ್ಮ ನಿಲುವೇನು ಎಂದು ಕೇಳಬೇಡಿ, ಅದಕ್ಕೆ ಅಚ್ಚು ಹಾಕಿಟ್ಟ ಉತ್ತರ ಇರುತ್ತದೆ. ಫೋನ್ ಎತ್ತಿದ ಹುಡುಗನೋ ಹುಡುಗಿಯೋ ತಡವರಿಸಿದರೆ ರೇಗಬೇಡಿ, ಆ ಕುರ್ಚಿಯಲ್ಲಿ ನಾನೂ ಕೂತಿದ್ದೆ. ಕೆಲವು ವಾರಗಳಲ್ಲಿ ಒಂದು ಕಾಗದ ಬರುತ್ತದೆ. ನೀವು ಕೇಳಿದ ಮತಕ್ಕೆ ಅದರಲ್ಲಿ ಉತ್ತರವಿಲ್ಲದಿದ್ದರೆ, ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿ, ಸಂಖ್ಯೆ ಬರೆದು, ವಾಪಸ್ ಕಳಿಸಿ.